ಇಸ್ರಯೇಲರ ಆರಾಧನೆಯಲ್ಲಿ ಬಲಿ ಮತ್ತು ಆಶೀರ್ವಾದ



ಬಲಿಪೂಜೆಯ ಕೊನೆಯಲ್ಲಿ ಗುರುಗಳು ನೀಡುವ ಆಶೀರ್ವಾದವನ್ನು ನಾವು ತಲೆಬಾಗಿ ಸ್ವೀಕರಿಸುತ್ತೇವೆ. ಈ ಪದ್ಧತಿಯ ಬೇರುಗಳು ಪ್ರಾಚೀನ ಇಸ್ರಯೇಲರ ಆರಾಧನೆಯಲ್ಲಿವೆ. ಆರೋನನು ಜನರಿಗಾಗಿ ಬಲಿಗಳನ್ನು ಅರ್ಪಿಸಿದ ಮೇಲೆ ಅವರತ್ತ ಕೈಗಳನ್ನೆತ್ತಿ ಹರಸಿದನೆಂದು ಯಾಜಕಕಾಂಡದ 9ನೆಯ ಅಧ್ಯಾಯ ತಿಳಿಸುತ್ತದೆ.

ಆ ಆಶೀರ್ವಾದದ ಮಾತುಗಳನ್ನು ಸಂಖ್ಯಾಕಾಂಡದ 6ನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಹೀಬ್ರೂ ಮೂಲದಲ್ಲಿ ಅವು ಕೇವಲ 15 ಪದಗಳು. ಮೂರು ವಾಕ್ಯಗಳಲ್ಲಿಯೂ ದೇವರ ನಾಮವಿದೆ. ರಕ್ಷಣೆ, ಕೃಪೆ, ಶಾಂತಿಗಳ ಬೇಡಿಕೆಯಿದೆ. 1979ರಲ್ಲಿ ಜೆರುಸಲೇಮಿನ ಪುರಾತನ ಸಮಾಧಿಯೊಂದರಲ್ಲಿ ದೊರೆತ ಪುಟ್ಟ ಬೆಳ್ಳಿಯ ಸುರುಳಿಗಳಲ್ಲಿಯೂ ಈ ಆಶೀರ್ವಾದದ ಮಾತುಗಳಿವೆ. ಯಾಜಕನು ತನ್ನ ಸ್ವಂತ ಶಕ್ತಿಯಿಂದ ಹರಸುವುದಿಲ್ಲ. ಅವನು ದೇವರ ನಾಮವನ್ನು ಜನರ ಮೇಲಿಡುತ್ತಾನೆ, ಹರಸುವವರು ದೇವರೇ.

ಬಲಿಯ ವಿಷಯದಲ್ಲಿಯೂ ಧರ್ಮಶಾಸ್ತ್ರ ಬಡವನನ್ನು ಮರೆಯಲಿಲ್ಲ. ಪಾಪಪರಿಹಾರಕ್ಕಾಗಿ ಕುರಿಯನ್ನು ತರಲಾಗದವನು ಎರಡು ಪಾರಿವಾಳಗಳನ್ನು ತರಬಹುದಿತ್ತು; ಅದೂ ಆಗದವನು ಒಂದಳತೆ ಹಿಟ್ಟನ್ನು ತಂದರೂ ಸಾಕಿತ್ತು. ಶಾಂತಿಸಮಾಧಾನದ ಬಲಿಯಲ್ಲಿ ಕೊಬ್ಬು ಪೀಠದ ಅಗ್ನಿಗೆ, ಎದೆ ಮತ್ತು ಬಲದೊಡೆ ಯಾಜಕರಿಗೆ. ಉಳಿದದ್ದನ್ನು ಅರ್ಪಿಸಿದವನು ತನ್ನವರೊಡನೆ ಉಣ್ಣುತ್ತಿದ್ದನು. ಬಲಿಯು ಹೀಗೆ ಸಹಭೋಜನವಾಗುತ್ತಿತ್ತು.

ಪ್ರಥಮ ಫಲಗಳ ಅರ್ಪಣೆಯೂ ಹೀಗೆಯೇ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಂತೆ ರೈತನು ಫಲದ ಬುಟ್ಟಿಯನ್ನು ಯಾಜಕನ ಕೈಗೊಪ್ಪಿಸಿ, ತನ್ನ ಪೂರ್ವಿಕರು ಈಜಿಪ್ಟಿನಲ್ಲಿ ಅನುಭವಿಸಿದ ದಾಸತ್ವವನ್ನು ಸ್ಮರಿಸಬೇಕಿತ್ತು. ಅನಂತರ ಲೇವಿಯರೊಡನೆಯೂ ಪರದೇಶಿಯೊಡನೆಯೂ ಸಂತೋಷಪಡಬೇಕಿತ್ತು. ಸೆಪ್ಟೆಂಬರ್ 8ರಂದು ಮಾತೆ ಮರಿಯಳ ಜನನದ ಹಬ್ಬದಲ್ಲಿ ಹೊಸ ತೆನೆಗಳನ್ನು ಆಶೀರ್ವದಿಸಿ, ಮನೆಮಂದಿಯೆಲ್ಲ ಹೊಸ ಅಕ್ಕಿಯನ್ನು ಉಣ್ಣುವ ಕೊಂಕಣಿ ಕ್ರೈಸ್ತರಿಗೆ ಇದು ಅಪರಿಚಿತವಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಈ ಕಾಡುನಾಡಿನಲ್ಲಿ ಆ ಸ್ಮರಣೆಗೆ ವಿಶೇಷ ಅರ್ಥವಿದೆ. ನಮ್ಮ ಸಿದ್ದಿ ಬಂಧುಗಳ ಪೂರ್ವಿಕರಲ್ಲಿ ಅನೇಕರು ಆಫ್ರಿಕದಿಂದ ದಾಸರಾಗಿ ತರಲ್ಪಟ್ಟವರು. ಗೋವೆಯಿಂದ ತಪ್ಪಿಸಿಕೊಂಡು ಈ ಕಾಡುಗಳಲ್ಲಿ ಆಶ್ರಯ ಪಡೆದವರೂ ಅವರಲ್ಲಿದ್ದರು. ಇಸ್ರಯೇಲರ ದಾಸತ್ವ ಅವರಿಗೆ ಬರಿಯ ಪುಸ್ತಕದ ಕಥೆಯಲ್ಲ. ನಾಡನ್ನು ತೊರೆದು ಬಂದ ಟಿಬೆಟನ್ನರು 1966ರಿಂದ ಮುಂಡಗೋಡಿನಲ್ಲಿ ನೆಲೆಸಿದ್ದಾರೆ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಮುಳುಗಿದಾಗ ಮನೆ ಹೊಲಗಳನ್ನು ಕಳೆದುಕೊಂಡವರೂ ನಮ್ಮ ನೆರೆಯವರೇ.

ಕ್ರಿಸ್ತಶಕ 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಗಿ ಅಲ್ಲಿನ ಬಲಿಗಳು ನಿಂತವು. ತಾನೇ ಯಾಜಕನೂ ತಾನೇ ಬಲಿಯೂ ಆದ ಕ್ರಿಸ್ತನಲ್ಲಿ ಅವು ಪರಿಪೂರ್ಣವಾದುವೆಂಬುದು ನಮ್ಮ ವಿಶ್ವಾಸ. ಆ ಬಲಿಯಲ್ಲಿ ಪಾಲ್ಗೊಂಡ ನಾವು ಹಬ್ಬದ ಪಂಕ್ತಿಯಲ್ಲಿ ಒಬ್ಬ ನೆರೆಯವನನ್ನು ದೂರ ಕೂರಿಸಿದರೆ, ಪೀಠದ ಮುಂದೆ ಪಡೆದ ಆಶೀರ್ವಾದವನ್ನು ದೇವಾಲಯದ ಬಾಗಿಲಲ್ಲಿಯೇ ಬಿಟ್ಟು ಬಂದಂತಾಗುವುದು. ಈ ಶತಮಾನೋತ್ಸವದ ವರ್ಷದಲ್ಲಿ ಅದನ್ನು ಮನೆಯಿಂದ ಮನೆಗೆ ಕೊಂಡೊಯ್ಯುವ ಮನಸ್ಸನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.