ಅಂತಿಮ ಯಾತ್ರೆಯಲ್ಲಿ ಜೊತೆಗಾರರು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಮರಣಾಸನ್ನರ ಸೇವೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ನಾನು ವೈದ್ಯನಲ್ಲ, ಗುಣವಾಗದ ರೋಗಿಗಳ ಆಶ್ರಯಧಾಮವೊಂದಕ್ಕೆ ವಾರಕ್ಕೊಮ್ಮೆ ಹೋಗಿಬರುವ ಸಾಮಾನ್ಯ ಸ್ವಯಂಸೇವಕ. ಆದುದರಿಂದ ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ.

ಅನೇಕ ವರ್ಷಗಳ ಹಿಂದೆ ನನ್ನ ಆಪ್ತಮಿತ್ರನೊಬ್ಬ ಕ್ಯಾನ್ಸರ್ ವ್ಯಾಧಿಯಿಂದ ಹಾಸಿಗೆ ಹಿಡಿದಿದ್ದ. ಗುಣವಾಗುವ ಆಸೆಯಿಲ್ಲವೆಂದು ತಿಳಿದ ಮೇಲೆ ನಾನು ಅವನ ಮನೆಗೆ ಹೋಗುವುದನ್ನೇ ಬಿಟ್ಟೆ. ಅವನಿಗಾಗಿ ಪೂಜೆ ಹೇಳಿಸಿದೆ, ಹಣ್ಣುಹಂಪಲು ಕಳುಹಿಸಿದೆ. ನಾನು ಮಾತ್ರ ಹೋಗಲಿಲ್ಲ. ಹೋಗಿ ಏನು ಮಾತನಾಡಲಿ ಎಂಬ ಭಯ. ಸಮಾಧಿಸಂಸ್ಕಾರದ ದಿನ ಅವನ ಪತ್ನಿ, “ಬಾಗಿಲು ಸದ್ದಾದಾಗಲೆಲ್ಲ ನೀವೇ ಬಂದಿರೇನೋ ಎಂದು ಕೇಳುತ್ತಿದ್ದರಣ್ಣ” ಎಂದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಗೆತ್ಸೆಮನಿ ತೋಪಿನಲ್ಲಿ ನಮ್ಮ ಪ್ರಭು ತಮ್ಮ ಮೂವರು ಶಿಷ್ಯರಿಂದ ಬಯಸಿದ್ದೇನು? ಉಪದೇಶವನ್ನಲ್ಲ, ಉಪಾಯವನ್ನೂ ಅಲ್ಲ. ತಮ್ಮೊಡನೆ ಎಚ್ಚರವಾಗಿರುವುದನ್ನು ಮಾತ್ರ. ಅವರು ನಿದ್ರಿಸಿದರು. ನಾನೂ ಅಂದು ನಿದ್ರಿಸಿದವನೇ.

ಹಾಸ್ಪಿಸ್ ಎಂಬ ಹೆಸರಿನಿಂದ ನಾವು ಇಂದು ಬಲ್ಲ ಆಶ್ರಯಧಾಮಗಳ ಚರಿತ್ರೆಯಲ್ಲೂ ಹೀಗೆ ಬಳಿಯಲ್ಲಿ ಕುಳಿತವರ ಪಾತ್ರ ದೊಡ್ಡದು. ಲಂಡನ್ನಿನ ಸಿಸಿಲಿ ಸಾಂಡರ್ಸ್ 1948ರಲ್ಲಿ ಸಂತ ಲೂಕರ ಹೆಸರಿನ ಧಾಮವೊಂದಕ್ಕೆ ಸಂಜೆಯ ವೇಳೆ ಸ್ವಯಂಸೇವಕಿಯಾಗಿ ಹೋಗತೊಡಗಿದರು. ನೋವು ಮರುಕಳಿಸುವವರೆಗೆ ಕಾಯದೆ, ಹೊತ್ತಿಗೆ ಸರಿಯಾಗಿ ಔಷಧ ಕೊಡುವ ಕ್ರಮವನ್ನು ಅಲ್ಲಿ ಕಂಡರು. ಮುಂದೆ ವೈದ್ಯೆಯಾಗಿ, ಧರ್ಮಭಗಿನಿಯರು 1905ರಲ್ಲಿ ತೆರೆದಿದ್ದ ಸಂತ ಜೋಸೆಫರ ಧಾಮದಲ್ಲಿ ಸೇವೆ ಸಲ್ಲಿಸಿ, 1967ರಲ್ಲಿ ಸಂತ ಕ್ರಿಸ್ಟೋಫರರ ಹಾಸ್ಪಿಸನ್ನು ತೆರೆದರು. 2005ರಲ್ಲಿ ಅದೇ ಧಾಮದಲ್ಲಿ ಕಣ್ಣು ಮುಚ್ಚಿದರು.

ನಮ್ಮ ದೇಶದಲ್ಲಿ ಮದರ್ ತೆರೇಸಾ 1952ರಲ್ಲಿ ಕಲ್ಕತ್ತೆಯ ಕಾಳಿಘಾಟಿನಲ್ಲಿ ನಿರ್ಮಲ ಹೃದಯವನ್ನು ಆರಂಭಿಸಿದರು. 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸದನ ತೆರೆಯಿತು. ಬೆಂಗಳೂರಿನ ಕರುಣಾಶ್ರಯವು 1999ರಿಂದ, ಚಿಕಿತ್ಸೆ ಫಲಿಸದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಸಲಹುತ್ತಿದೆ.

ಇಂತಹ ಕಡೆಗಳಲ್ಲಿ ನೋವಿಗೆ ಔಷಧ ಕೊಡುವವರು ವೈದ್ಯರು. ಒಂಟಿತನಕ್ಕೆ ಔಷಧವಾಗಬೇಕಾದವರು ನಾವು. ಅದಕ್ಕೆ ದೊಡ್ಡ ವಿದ್ಯೆ ಬೇಡ, ಕೆಲವು ಎಚ್ಚರಿಕೆಗಳು ಬೇಕು. ನಿಂತು ಮಾತನಾಡಬೇಡಿ, ಕುರ್ಚಿ ಎಳೆದುಕೊಂಡು ರೋಗಿಯ ಕಣ್ಣಿಗೆ ಸಮನಾಗಿ ಕುಳಿತುಕೊಳ್ಳಿ. “ಎಲ್ಲ ಸರಿಹೋಗುತ್ತದೆ” ಎಂಬ ಸುಳ್ಳು ಭರವಸೆ ಬೇಡ. ಊಟಕ್ಕೆ ಬಲವಂತ ಬೇಡ. ದಾದಿಯರನ್ನು ಕೇಳಿ, ಒಣಗಿದ ತುಟಿಗಳನ್ನು ಒದ್ದೆ ಹತ್ತಿಯಿಂದ ತೇವಗೊಳಿಸಿದರೆ ಅದೇ ದೊಡ್ಡ ಉಪಕಾರ. ಕೇಳಿದ ಗುಟ್ಟನ್ನು ಹೊರಗೆ ಆಡಬೇಡಿ. ರೋಗಿ ಅನ್ಯಧರ್ಮೀಯನಾದರೆ ಅವನ ಪ್ರಾರ್ಥನೆಯನ್ನು ಗೌರವಿಸಿರಿ. ನಮ್ಮವನಾದರೆ, ಅವನು ಬಯಸಿದಾಗ ಜಪಸರ ಹೇಳಿ, ಅಭ್ಯಂಗಕ್ಕೆ ಗುರುಗಳನ್ನು ಸಕಾಲದಲ್ಲಿ ಕರೆಯಿರಿ. ಮಾತು ನಿಂತವನಿಗೂ ಕಿವಿ ಕೇಳಿಸುತ್ತಿರಬಹುದು. ಅವನೆದುರು ಲಘುವಾಗಿ ಮಾತನಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗುರುವಾರ ಬರುತ್ತೇನೆಂದರೆ ಗುರುವಾರವೇ ಹೋಗಿ. ಅವರಿಗೆ ಉಳಿದಿರುವ ಗುರುವಾರಗಳು ಕಡಿಮೆ.

ಕಳೆದ ಮಳೆಗಾಲದಲ್ಲಿ ಒಬ್ಬ ವೃದ್ಧರ ಬಳಿ ಕುಳಿತಿದ್ದೆ. ಒಂದು ಗಂಟೆ ಹೊತ್ತು ನಾವಿಬ್ಬರೂ ಮಾತನಾಡಲಿಲ್ಲ. ಹೊರಡಲೆಂದು ಎದ್ದಾಗ ಅವರು ನನ್ನ ಕೈಹಿಡಿದು, “ಇವತ್ತು ಹೊತ್ತು ಹೋದದ್ದೇ ತಿಳಿಯಲಿಲ್ಲ” ಎಂದರು. ಏನು ಮಾತನಾಡಲಿ ಎಂಬ ನನ್ನ ಹಳೆಯ ಭಯಕ್ಕೆ ಅಂದು ಉತ್ತರ ಸಿಕ್ಕಿತು. ಆದರೆ ನನ್ನ ಮಿತ್ರನಿಗೆ ನಾನು ಕೊಡದ ಆ ಒಂದು ಗಂಟೆಯನ್ನು ಯಾರಿಂದಲೂ ಹಿಂದಿರುಗಿಸಲಾಗದು.

ಪ್ರಿಯರೇ, ನಮ್ಮ ಹಿರಿಯರು ಕಲ್ಲು ಮಣ್ಣು ಹೊತ್ತು ಈ ಗುಡಿಯನ್ನು ಕಟ್ಟಿದರು. ನೂರು ವರ್ಷಗಳಿಂದ ಇದರ ಗಂಟೆ ನಮ್ಮವರ ಸಾವಿಗೂ ಮೊಳಗಿದೆ. ಆ ಗಂಟೆ ಕೇಳಿದ ಮೇಲೆ ಓಡಿಬರುವ ನಾವು, ಅದಕ್ಕೆ ಮೊದಲೇ ಹೋಗಿ ಕುಳಿತುಕೊಳ್ಳುವುದನ್ನು ಕಲಿಯೋಣ. ನಮ್ಮ ಧರ್ಮಕೇಂದ್ರದ ಯಾವ ಮನೆಯಲ್ಲೂ ರೋಗಿಯೊಬ್ಬ ಬಾಗಿಲ ಸದ್ದಿಗೆ ಕಿವಿಗೊಟ್ಟು ವ್ಯರ್ಥವಾಗಿ ಕಾಯದಿರಲಿ. ಈ ಸೇವೆಗೆ ಹೆಸರು ಕೊಡಬಯಸುವವರು ಪೂಜೆಯ ನಂತರ ಗುರುಗಳನ್ನು ಕಾಣಬೇಕೆಂದು ವಿನಂತಿಸಿ, ನನ್ನ ಮಾತನ್ನು ಮುಗಿಸುತ್ತೇನೆ.

ಪ್ರಭು ನಮ್ಮೆಲ್ಲರನ್ನು ಎಚ್ಚರವಾಗಿರಿಸಲಿ.