ತರುಣಿಯರ ಶಾಖೆಗೆ ಒಂದು ಕೋಣೆ ಬೇಕು

(ಸಂಘದ ವಾರ್ಷಿಕ ಸಭೆಯಲ್ಲಿ ತರುಣಿಯರ ಪರವಾಗಿ ಮಾಡಿದ ಭಾಷಣ)



ನಮ್ಮ ಸಂಘದಲ್ಲಿ ದುಡಿಯುವ ತರುಣಿಯರದೇ ಒಂದು ಶಾಖೆ ಬೇಕೆಂದು ಕೇಳಲು ನಾವು ಇಲ್ಲಿ ನಿಂತಿದ್ದೇವೆ. "ಮಹಿಳಾ ವಿಭಾಗ ಇದೆಯಲ್ಲ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ಇದೆ, ಇಲ್ಲವೆನ್ನುವುದಿಲ್ಲ. ಅರಸಿನ ಕುಂಕುಮಕ್ಕೆ, ರಂಗೋಲಿ ಸ್ಪರ್ಧೆಗೆ, ವಾರ್ಷಿಕೋತ್ಸವದ ದಿನ ಅತಿಥಿಗಳಿಗೆ ಆರತಿ ಎತ್ತುವುದಕ್ಕೆ ಅದರ ನೆನಪಾಗುತ್ತದೆ. ನಾವು ಕೇಳುವುದು ಬೇರೆ. ಕೆಲಸಕ್ಕೆ ಹೋಗುವ ಹುಡುಗಿಯರು ಒಂದೆಡೆ ಕುಳಿತು ತಮ್ಮ ಕಷ್ಟ ಹೇಳಿಕೊಳ್ಳಬೇಕು, ದಾರಿ ಹುಡುಕಬೇಕು, ಬೇಕಾದರೆ ಮೋರ್ಚಾ ಹೊರಡಬೇಕು. ಅಂಥ ಶಾಖೆ.

ಇದು ಹೊಸ ಹುಚ್ಚೇನಲ್ಲ. 1920ರ ದಶಕದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆಂಗಸರು. ನೂಲು ಸುತ್ತುವ ಖಾತೆಗಳಲ್ಲಿ ಅವರ ದುಡಿಮೆ. 1928ರ ಮುಷ್ಕರ ಆರು ತಿಂಗಳು ನಡೆಯಿತು. ಆ ಕಾಲದ ಹೋರಾಟಗಳಲ್ಲಿ ಉಷಾಬಾಯಿ ಡಾಂಗೆ, ಪಾರ್ವತೀಬಾಯಿ ಭೋರ್ ಅಂಥವರು ಗಿರಣಿಯ ಹೆಂಗಸರನ್ನು ಒಟ್ಟುಗೂಡಿಸಿದರು. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯದ ಕಾನೂನೂ ಬಂತು. ಆದರೆ ಬರಬರುತ್ತ ಮಾಲಿಕರಿಗೆ ಹೆಣ್ಣಾಳು ದುಬಾರಿಯಾಗಿ ಕಂಡಳು. ಹೊಸ ಯಂತ್ರಗಳು ಬಂದವು, ಹೆಂಗಸರ ಖಾತೆಗಳೇ ಸಣ್ಣದಾದವು. ಕಾನೂನು ಕಾಗದದಲ್ಲಿ ಉಳಿಯಿತು, ಕೆಲಸ ಕೈಬಿಟ್ಟಿತು.

ಗಿರಣಗಾಂವಿನ ಖಾನಾವಳಿಯ ಊಟ ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಒಂದೇ ಖೋಲಿಯೊಳಗೆ ಅಡಿಗೆ ಮಾಡಿ ಬಡಿಸಿದ ತಾಯಂದಿರು, ದಿನಸಿಗಾಗಿ ಬಡ್ಡಿಯವನ ಬಾಗಿಲಿಗೆ ಹೋಗುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಅವರಿಗೆ ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಅಷ್ಟು ಕಾಲ ಅವರ ಕೈಯೂಟ ಉಂಡ ನಮಗೆ ಆ ಯೋಚನೆ ಯಾಕೆ ಬರಲಿಲ್ಲವೋ!

ನಮ್ಮ ಅಪ್ಪ, ಚಿಕ್ಕಪ್ಪಂದಿರು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿಶಾಲೆಯ ಬೆಂಚಿನಲ್ಲಿ ಕೂತರು, ಕನ್ನಡವನ್ನೂ ಲೆಕ್ಕವನ್ನೂ ಕಲಿತರು. ಅದು ನಮಗೆ ಹೆಮ್ಮೆ. ಅಮ್ಮಂದಿರಿಗೆ ಅಂಥ ಬೆಂಚು ಇರಲಿಲ್ಲ. ಗಿರಣಿಗಳು ಮುಚ್ಚಿದವು. ಈಗ ಮಗಳೂ ಲೋಕಲ್ ಹಿಡಿದು ಕೆಲಸಕ್ಕೆ ಹೊರಡುತ್ತಾಳೆ: ಅಂಗಡಿ, ಆಸ್ಪತ್ರೆ, ಕಾಲ್ ಸೆಂಟರ್, ಹೊಲಿಗೆ ಕಾರಖಾನೆ.

ಉತ್ತರ ಕನ್ನಡದ ಹಳದೀಪುರದಿಂದ ಬಂದು ಈ ನಗರದಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರನ್ನು ನಾವು ಮರೆಯಬಾರದು. 1973ರ ನವೆಂಬರ್ 27ರಂದು ಪಾಳಿ ಮುಗಿಸಿ, ಬಟ್ಟೆ ಬದಲಿಸಲು ಆಸ್ಪತ್ರೆಯ ನೆಲಮಾಳಿಗೆಗೆ ಹೋದಾಗ ಅವರ ಮೇಲೆ ಹಲ್ಲೆ ನಡೆಯಿತು. 2015ರ ಮೇ 18ರಂದು ಕಣ್ಣುಮುಚ್ಚುವವರೆಗೆ ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ನೋಡಿಕೊಂಡರು. ರಕ್ಷಣೆ ಬೇಕೆಂದು ಅಂದು ಮುಷ್ಕರ ಹೂಡಿದವರೂ ನರ್ಸುಗಳೇ.

ಕೆಲಸದ ಜಾಗದಲ್ಲಿ ಹೆಣ್ಣಿಗೆ ಕಾಟವಾಗದಂತೆ 2013ರಲ್ಲಿ ಕಾನೂನು ಬಂದಿದೆ. ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವಲ್ಲಿ ದೂರು ಸಮಿತಿ ಇರಲೇಬೇಕು, ಅದರ ಅಧ್ಯಕ್ಷಳು ಹೆಂಗಸೇ ಆಗಿರಬೇಕು. ಅದಕ್ಕಿಂತ ಸಣ್ಣ ಅಂಗಡಿಯಾದರೆ, ಮನೆಗೆಲಸವಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಮುಂಬಯಿ ನಗರವೇ ಒಂದು ಜಿಲ್ಲೆ, ಉಪನಗರವೇ ಇನ್ನೊಂದು. ದೂರಿಗೆ ಮೂರು ತಿಂಗಳ ಗಡುವು. ತಡಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು.

ನಮ್ಮಲ್ಲೊಬ್ಬ ಹುಡುಗಿ ಬಾಯಿಬಿಟ್ಟು ಹೇಳುವಾಗ ಏಳು ತಿಂಗಳು ಕಳೆದಿತ್ತು. ಅಂಗಡಿಯ ಕೆಲಸ ಆಗಲೇ ಬಿಟ್ಟಿದ್ದಳು. ಮನೆಯಲ್ಲಿ ಹೇಳಿದರೆ ಊರಿಗೆ ಕಳಿಸಿ ಮದುವೆ ಮಾಡುತ್ತಾರೆಂಬ ಹೆದರಿಕೆ. ಸಂಘಕ್ಕೆ ಬಂದರೆ, ಕಚೇರಿಯಲ್ಲಿ ಕುಳಿತವರೆಲ್ಲ ಅಪ್ಪನ ಸ್ನೇಹಿತರು! ಅವಳ ಹೆಸರು ನಾವು ಹೇಳುವುದಿಲ್ಲ. ಅವಳ ಅಪ್ಪ ಈ ಸಭೆಯಲ್ಲೇ ಇರಬಹುದು. ಗಡುವಿನೊಳಗೆ ನಮಗೆ ಹೇಳಿದ್ದರೆ ಇಬ್ಬರು ಜೊತೆಯಲ್ಲಿ ಹೋಗಿ ದೂರು ಬರೆಸುತ್ತಿದ್ದೆವು. ಶಾಖೆ ಬೇಕೆಂಬ ಹಟ ಹುಟ್ಟಿದ್ದು ಅಂದು.

"ಹುಡುಗಿಯರಿಂದ ಏನಾದೀತು?" ಎನ್ನುವವರು ಬೆಂಗಳೂರನ್ನು ನೋಡಲಿ. 2016ರ ಏಪ್ರಿಲ್‌ನಲ್ಲಿ ಪ್ರಾವಿಡೆಂಟ್ ಫಂಡಿನ ಹಣ ಪೂರ್ತಿ ತೆಗೆಯಬಾರದೆಂಬ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಕಾರ್ಮಿಕರು ಎರಡು ದಿನ ರಸ್ತೆಗಿಳಿದರು. ಸಾವಿರಗಟ್ಟಲೆ ಜನ, ಹೆಚ್ಚಿನವರು ಹೆಂಗಸರು. ಕೇಂದ್ರ ಸರಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅಲ್ಲಿ ಕಲ್ಲು ಬಿದ್ದದ್ದೂ, ಲಾಠಿ ಬೀಸಿದ್ದೂ ನಮಗೆ ಗೊತ್ತು. ಅಂಥದ್ದು ನಮಗೆ ಬೇಡ. ಆದರೆ ಆ ಸಿಟ್ಟು ಎಲ್ಲಿಂದ ಬಂತೆಂಬುದು ತಿಳಿದಿರಲಿ.

ನಮಗೆ ಬೇಕಾದದ್ದು ಹೆಚ್ಚೇನಿಲ್ಲ. ಸಂಘದ ಹಿಂದಿನ ಕೋಣೆ, ರವಿವಾರ ಮಧ್ಯಾಹ್ನ ಮೂರರಿಂದ ಐದು. ಬೆಳಿಗ್ಗೆ ಆಗದು, ನಲ್ಲಿಯ ನೀರು, ವಾರದ ಬಟ್ಟೆ ಎಲ್ಲವೂ ಆ ಹೊತ್ತಿಗೇ. ಸಂಜೆ ಹೊತ್ತಾದರೆ ವಿರಾರ್, ಡೊಂಬಿವಲಿ ಕಡೆಯವರ ಮನೆಯಲ್ಲಿ ತಕರಾರು. ಚಂದಾ ನಾವೇ ಎತ್ತುತ್ತೇವೆ, ಲೆಕ್ಕ ನಾವೇ ಇಡುತ್ತೇವೆ, ವರ್ಷಕ್ಕೊಮ್ಮೆ ಸಂಘಕ್ಕೆ ತೋರಿಸುತ್ತೇವೆ. ಅಧ್ಯಕ್ಷೆಯನ್ನು ನಾವೇ ಆರಿಸುತ್ತೇವೆ. ಹಿರಿಯರು ಸಲಹೆ ಕೊಡಬಹುದು, ಕರೆದಾಗ. ಇಲ್ಲಿ ಕೇಳಿದ ಮಾತು ಯಾರ ಮನೆಗೂ ಮುಟ್ಟಬಾರದು, ಇದೊಂದು ಕರಾರು ಸಂಘವೂ ಒಪ್ಪಬೇಕು.

ಮೊದಲ ಸಭೆ ಬರುವ ತಿಂಗಳ ಎರಡನೆಯ ರವಿವಾರ ಎಂದು ಇಟ್ಟುಕೊಂಡಿದ್ದೇವೆ. ಹನ್ನೊಂದು ಹೆಸರು ಬಂದಿವೆ. ಕೋಣೆಯ ಬೀಗದ ಕೈ ಒಂದು ಜೊತೆ ನಮ್ಮ ಕೈಗೆ ಎಂದು ಸಿಗುವುದೆಂಬುದನ್ನು ಕಾರ್ಯದರ್ಶಿಗಳು ಈ ಸಭೆ ಮುಗಿಯುವುದರೊಳಗೆ ಹೇಳಿದರೆ ಉಪಕಾರವಾದೀತು.