ಸಣ್ಣ ಉದ್ಯೋಗಕ್ಕೆ ಸರಕಾರದ ಅನುದಾನ: ಹುಡುಕುವ ಬಗೆ, ಪಡೆಯುವ ಬಗೆ

(ಜಾತ್ರಾ ಮಹೋತ್ಸವದ ನಿಮಿತ್ತ ಏರ್ಪಡಿಸಿದ ಉಪನ್ಯಾಸ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ದೇವರ ಸನ್ನಿಧಿಯಲ್ಲಿ ಪುರಾಣ, ಪ್ರವಚನ ಕೇಳಲು ಬಂದ ನಿಮ್ಮೆದುರು ಸಾಲ, ಅನುದಾನಗಳ ಮಾತನ್ನು ಆಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಇದು ಈ ಜಾಗಕ್ಕೆ ಒಪ್ಪದ ಮಾತೆಂದು ದಯವಿಟ್ಟು ಯಾರೂ ತಿಳಿಯಬಾರದು. ಗುಡಿಯ ಸುತ್ತ ಹಾಕಿರುವ ಅಂಗಡಿಗಳನ್ನೇ ನೋಡಿರಿ. ಬಳೆ ಮಾರುವ ತಾಯಿ, ಬೆಂಡು ಬತ್ತಾಸು ಮಾಡುವವರು, ಚಪ್ಪಲಿ ಹೊಲಿಯುವವರು, ಮಿಠಾಯಿಯವರು, ಎಲ್ಲರೂ ತಮ್ಮ ಸಣ್ಣ ಬಂಡವಾಳವನ್ನು ನಂಬಿ ಬಂದವರು. ದುಡಿಯುವ ಕೈಗೆ ಬಲ ಬಂದರೆ ಮನೆ ನಡೆಯುತ್ತದೆ. ಮನೆ ನಡೆದರೆ ದಾಸೋಹವೂ ನಡೆಯುತ್ತದೆ.

ನಮ್ಮ ಗಡಹಿಂಗ್ಲಜ ಭಾಗದಲ್ಲಿ ಉದ್ಯೋಗಕ್ಕೆ ಬೇಕಾದ ಕಚ್ಚಾ ಮಾಲಿಗೆ ಕೊರತೆಯಿಲ್ಲ. ಹಿರಣ್ಯಕೇಶಿಯ ದಂಡೆಯಲ್ಲಿ ಕಬ್ಬು ಇದೆ, ಬೆಲ್ಲವಿದೆ. ನಮ್ಮ ಪೇಟೆಗೆ ಸಂಕೇಶ್ವರಿ ಮೆಣಸಿನಕಾಯಿ ಬರುತ್ತದೆ, ಶೇಂಗಾ ಬರುತ್ತದೆ. ಅತ್ತ ಇಚಲಕರಂಜಿಯಲ್ಲಿ ಮಗ್ಗಗಳಿವೆ, ಹುಪರಿಯಲ್ಲಿ ಬೆಳ್ಳಿಯ ಕೆಲಸವಿದೆ. ಆದರೆ ಬಂಡವಾಳದ ಮಾತು ಬಂದಾಗ ನಮ್ಮವರು ಮೊದಲು ಹೋಗುವುದು ಕೈಸಾಲ ಕೊಡುವವರ ಹತ್ತಿರ, ಇಲ್ಲವೆ ಬಂಗಾರ ಒತ್ತೆಯಿಡಲು. ಸರಕಾರದ ಯೋಜನೆ ಎಂದರೆ ‘ಅದು ನಮ್ಮಂಥವರಿಗಲ್ಲ, ವಶೀಲಿ ಇದ್ದವರಿಗೆ’ ಎಂದು ಕೈಬಿಡುತ್ತಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ‘ಯಾವುದಕ್ಕೆ ಹೆಚ್ಚು ಸಬ್ಸಿಡಿ ಇದೆ ಹೇಳಿ, ಅದನ್ನೇ ಮಾಡುತ್ತೇನೆ’ ಎಂದು ಕೇಳುತ್ತಾರೆ. ಈ ಎರಡೂ ದಾರಿಗಳು ತಪ್ಪು. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು: ಸಬ್ಸಿಡಿ ನೋಡಿ ಉದ್ಯೋಗ ಆರಿಸಬೇಡಿರಿ, ನಿಮಗೆ ಬರುವ ಉದ್ಯೋಗ ಹಿಡಿದು, ಅದಕ್ಕೆ ತಕ್ಕ ಯೋಜನೆಯನ್ನು ಹುಡುಕಿರಿ.

ಮೊದಲು ಯೋಜನೆಗಳ ಜಾತಿಯನ್ನು ತಿಳಿದುಕೊಳ್ಳೋಣ. ಇವು ಮುಖ್ಯವಾಗಿ ಮೂರು ಬಗೆ.

ಒಂದನೆಯದು, ಬ್ಯಾಂಕಿನ ಸಾಲದ ಜೊತೆಗೆ ಅನುದಾನ ಬರುವಂಥದು. 1993ರಲ್ಲಿ ಬಂದ ಪ್ರಧಾನಮಂತ್ರಿ ರೋಜಗಾರ ಯೋಜನೆ ಹಿರಿಯರಿಗೆ ನೆನಪಿರಬಹುದು. ಅದನ್ನೂ ಗ್ರಾಮೀಣ ಉದ್ಯೋಗದ ಇನ್ನೊಂದು ಯೋಜನೆಯನ್ನೂ ಕೂಡಿಸಿ 2008ರಲ್ಲಿ ಪಿ.ಎಂ.ಇ.ಜಿ.ಪಿ. ಎಂಬ ಕೇಂದ್ರ ಯೋಜನೆಯನ್ನು ಮಾಡಿದರು. ಮಹಾರಾಷ್ಟ್ರ ಸರಕಾರ ಇದೇ ಮಾದರಿಯ ‘ಮುಖ್ಯಮಂತ್ರಿ ರೋಜಗಾರ ನಿರ್ಮಿತಿ’ ಕಾರ್ಯಕ್ರಮವನ್ನು 2019ರಲ್ಲಿ ಆರಂಭಿಸಿತು. ಆಹಾರ ಪದಾರ್ಥ ತಯಾರಿಸುವ ಸಣ್ಣ ಘಟಕಗಳಿಗಾಗಿ 2020ರಲ್ಲಿ ಕೇಂದ್ರವು ಇನ್ನೊಂದು ಯೋಜನೆ ತಂದು, ವೆಚ್ಚದ ಶೇ. 35ರಷ್ಟನ್ನು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ, ಅನುದಾನವೆಂದು ಗೊತ್ತುಪಡಿಸಿತು.

ಎರಡನೆಯದು, ಅನುದಾನವಿಲ್ಲದ, ಆದರೆ ಆಸ್ತಿ ಅಡವು ಕೇಳದ ಸಾಲ. 2015ರಲ್ಲಿ ಬಂದ ಮುದ್ರಾ ಯೋಜನೆ ಈ ಜಾತಿಯದು. ಶಿಶು ಎಂದರೆ 50 ಸಾವಿರದವರೆಗೆ, ಕಿಶೋರ ಎಂದರೆ 5 ಲಕ್ಷದವರೆಗೆ, ತರುಣ ಎಂದರೆ 10 ಲಕ್ಷದವರೆಗೆ. ಮುದ್ರಾದಲ್ಲಿ ಸಬ್ಸಿಡಿ ಕೊಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅವರನ್ನು ಅಲ್ಲಿಂದಲೇ ಕಳಿಸಿಬಿಡಿರಿ.

ಮೂರನೆಯದು, ಕೈಕಸುಬಿನವರಿಗೆ ತರಬೇತಿ, ಸಲಕರಣೆ ಮತ್ತು ಕಡಿಮೆ ಬಡ್ಡಿಯ ಸಾಲ ಕೂಡಿ ಬರುವಂಥದು. 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಆರಂಭವಾಯಿತು. ಬಡಿಗ, ಕಮ್ಮಾರ, ಕುಂಬಾರ, ಅಕ್ಕಸಾಲಿ, ಚಮ್ಮಾರ, ಸಿಂಪಿಗ, ಕ್ಷೌರಿಕ, ಬುಟ್ಟಿ ಹೆಣೆಯುವವರು, ಹೀಗೆ 18 ಕಸುಬುಗಳು ಇದರಲ್ಲಿವೆ. ತರಬೇತಿಯ ಕಾಲಕ್ಕೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15 ಸಾವಿರ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ ಎಂದು ಯೋಜನೆಯಲ್ಲಿದೆ. ಒಂದು ಕುಟುಂಬಕ್ಕೆ ಒಬ್ಬರೇ ಅರ್ಹರು. ನಮ್ಮ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳಿಗೆ ಅದು ಕೂಡಿಯೇ ದೊರೆಯಿತು. ಆ ಕಸುಬಿನ ನಮ್ಮ ಬಂಧುಗಳು ಈ ಯೋಜನೆಯನ್ನು ತಪ್ಪದೆ ವಿಚಾರಿಸಬೇಕು.

ಇವುಗಳ ಹೊರತಾಗಿ ಆಯಾ ಸಮಾಜಕ್ಕಾಗಿ ಇರುವ ಮಹಾಮಂಡಳಗಳಿವೆ. ಪರಿಶಿಷ್ಟ ಜಾತಿಯವರಿಗೆ ಮಹಾತ್ಮಾ ಫುಲೆ ಮಹಾಮಂಡಳ, ಮರಾಠಾ ಸಮಾಜಕ್ಕೆ ಅಣ್ಣಾಸಾಹೇಬ ಪಾಟೀಲ ಮಹಾಮಂಡಳ ಇವೆ. ಲಿಂಗಾಯತ ಸಮಾಜಕ್ಕಾಗಿ ಜಗಜ್ಯೋತಿ ಮಹಾತ್ಮಾ ಬಸವೇಶ್ವರ ಆರ್ಥಿಕ ವಿಕಾಸ ಮಹಾಮಂಡಳವನ್ನು ಮಹಾರಾಷ್ಟ್ರ ಸರಕಾರ 2023ರಲ್ಲಿ ಘೋಷಿಸಿತು.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ಮಾಡದೆ ಅರ್ಜಿ ಹಾಕುವುದು ಕಣ್ಣು ಕಟ್ಟಿಕೊಂಡು ಹೊಳೆ ದಾಟಿದಂತೆ. ನಮ್ಮ ಸುತ್ತಲ ಹಳ್ಳಿಯೊಂದರಲ್ಲಿ ಒಬ್ಬ ತಾಯಿ ಖಾರಪುಡಿ, ಮಸಾಲೆ ತಯಾರಿಸಿ ಪೊಟ್ಟಣ ಕಟ್ಟಿ ಮಾರುವ ಘಟಕ ಹಾಕಬೇಕೆಂದಿದ್ದಾಳೆ ಎಂದು ತಿಳಿಯೋಣ. ಕುಟ್ಟುವ ಯಂತ್ರ, ವಿದ್ಯುತ್ ಜೋಡಣೆ, ಪೊಟ್ಟಣ ಮುಚ್ಚುವ ಯಂತ್ರ, ಮೆಣಸಿನಕಾಯಿ ಕೊಳ್ಳುವ ಹಣ ಎಲ್ಲ ಸೇರಿ 6 ಲಕ್ಷ. ಪಿ.ಎಂ.ಇ.ಜಿ.ಪಿ.ಯ 2022ರ ಪರಿಷ್ಕೃತ ನಿಯಮಗಳಲ್ಲಿ ಹಳ್ಳಿಯ ಮಹಿಳೆಗೆ ಶೇ. 35 ಅನುದಾನ, ಸ್ವಂತ ಪಾಲು ಶೇ. 5 ಎಂದಿತ್ತು. ಅಂದರೆ ಆಕೆಯ ಕೈಯಿಂದ 30 ಸಾವಿರ, ಬ್ಯಾಂಕಿನಿಂದ 5 ಲಕ್ಷ 70 ಸಾವಿರ, ಅದರಲ್ಲಿ 2 ಲಕ್ಷ 10 ಸಾವಿರ ಅನುದಾನ. ಅದೇ ಘಟಕವನ್ನು ನಗರಪಾಲಿಕೆಯ ಗಡಿಯೊಳಗೆ ಸಾಮಾನ್ಯ ವರ್ಗದ ಪುರುಷನು ಹಾಕಿದರೆ ಅನುದಾನ ಶೇ. 15, ಅಂದರೆ 90 ಸಾವಿರ ಮಾತ್ರ. ಯಾರ ಹೆಸರಿನಲ್ಲಿ, ಯಾವ ಜಾಗದಲ್ಲಿ ಎಂಬುದು ಇಷ್ಟು ಅಂತರ ಮಾಡುತ್ತದೆ. ಹಾಗೆಂದು ಹೆಂಡತಿಯ ಹೆಸರನ್ನು ಕಾಗದಕ್ಕೆ ಮಾತ್ರ ಹಾಕಿ ವ್ಯವಹಾರವನ್ನು ಗಂಡನೇ ಮಾಡುವುದು ಸಲ್ಲದು. ಸಾಲದ ಜವಾಬ್ದಾರಿ ಬೀಳುವುದು ಸಹಿ ಮಾಡಿದವರ ಮೇಲೆ.

ಇಲ್ಲೊಂದು ಸೂಕ್ಷ್ಮವಿದೆ. ಆ 2 ಲಕ್ಷ 10 ಸಾವಿರ ಆ ತಾಯಿಯ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಅವಳ ಹೆಸರಿನ ಠೇವಣಿಯಾಗಿ 3 ವರ್ಷ ಇರುತ್ತದೆ. ಆ ಠೇವಣಿಗೂ ಬಡ್ಡಿಯಿಲ್ಲ, ಅಷ್ಟು ಮೊತ್ತದ ಸಾಲಕ್ಕೂ ಬಡ್ಡಿಯಿಲ್ಲ. ಘಟಕ ನಡೆಯುತ್ತಿದೆಯೇ ಎಂದು ಬಂದು ನೋಡಿದ ಮೇಲೆ ಅದನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ನಡುವೆಯೇ ಘಟಕ ಮುಚ್ಚಿದರೆ ಅನುದಾನ ಸರಕಾರಕ್ಕೆ ಮರಳುತ್ತದೆ, ಸಾಲ ಪೂರ್ತಿ ತಲೆಯ ಮೇಲೆ ಉಳಿಯುತ್ತದೆ. ಆದ್ದರಿಂದಲೇ ಅನುದಾನವನ್ನು ದಾನವೆಂದು ತಿಳಿಯಬಾರದು. ಅದು ನಡೆಯುವ ಉದ್ಯೋಗಕ್ಕೆ ಸಿಗುವ ಆಸರೆ.

ಉಳಿದ 3 ಲಕ್ಷ 60 ಸಾವಿರವನ್ನು ಶೇ. 11ರ ಬಡ್ಡಿ ಹಿಡಿದು 5 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,800 ರೂಪಾಯಿ ಕಂತು ಬೀಳುತ್ತದೆ. ಎಲ್ಲ ಖರ್ಚು ಕಳೆದು ಕಿಲೋಗೆ 20 ರೂಪಾಯಿ ಉಳಿದರೆ, ಕಂತಿಗಾಗಿಯೇ ದಿನಕ್ಕೆ 13 ಕಿಲೋ ಪುಡಿ ಮಾರಬೇಕು. ಮನೆ ಖರ್ಚು ಅದರ ಮೇಲೆ. ಬೇಸಿಗೆಯಲ್ಲಿ ಮನೆಮನೆಗೂ ವರ್ಷದ ಖಾರ ಬೇಕು, ಸರಿ. ಶ್ರಾವಣದಲ್ಲಿ ಏನು ಮಾರುತ್ತೀರಿ? ಈ ಪ್ರಶ್ನೆಯನ್ನು ಬ್ಯಾಂಕಿನವರು ಕೇಳುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಉತ್ತರ ಸಿಕ್ಕರೆ ಅರ್ಜಿ ಹಾಕಿರಿ. ಸಿಗದಿದ್ದರೆ ಎರಡು ಯಂತ್ರದ ಬದಲು ಒಂದರಿಂದ ಆರಂಭಿಸಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಬ್ಯಾಂಕಿನ ಸಾಲಕ್ಕೂ ಸಲ್ಲುತ್ತದೆ.

ಇನ್ನು ಗಡಿಭಾಗದ ನಮಗೇ ಇರುವ ತೊಡಕುಗಳು. ನಮ್ಮ ಬೀಗತನವೆಲ್ಲ ಸಂಕೇಶ್ವರ, ಹುಕ್ಕೇರಿ, ನಿಪ್ಪಾಣಿಗಳ ಕಡೆಗೆ. ಅಲ್ಲಿಯ ನೆಂಟರು ‘ಉದ್ಯೋಗಿನಿ’ಯಲ್ಲಿ ಸಾಲ ಸಿಕ್ಕಿತು ಎಂದರೆ ಇಲ್ಲಿಯ ಅಕ್ಕತಂಗಿಯರು ಅದನ್ನೇ ಕೇಳಿಕೊಂಡು ತಿರುಗುತ್ತಾರೆ. ಅದು ಕರ್ನಾಟಕದ ನಿವಾಸಿ ಮಹಿಳೆಯರ ಯೋಜನೆ. ನಮಗೆ ಮಹಾರಾಷ್ಟ್ರದ ಯೋಜನೆಗಳು. ಕೇಂದ್ರದ ಯೋಜನೆಗಳು ಮಾತ್ರ ಎರಡೂ ಕಡೆ ಒಂದೇ.

ಎರಡನೆಯ ತೊಡಕು, ಆ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಜಾತಿ ದಾಖಲೆ. ಕರ್ನಾಟಕದ ತಹಶೀಲದಾರರು ಕೊಟ್ಟ ದಾಖಲೆಯನ್ನು ಇಲ್ಲಿಯ ರಾಜ್ಯ ಯೋಜನೆಗೆ ಒಪ್ಪದೆ ಅರ್ಜಿ ನಿಂತುಬಿಡಬಹುದು. ಅಂಥ ತಾಯಂದಿರು ಒಂದನ್ನು ನೆನಪಿಡಬೇಕು. ಪಿ.ಎಂ.ಇ.ಜಿ.ಪಿ. ನಿಯಮಗಳಲ್ಲಿ ಮಹಿಳೆ ಎಂಬುದೇ ವಿಶೇಷ ವರ್ಗವಾಗಿತ್ತು. ಹೆಚ್ಚಿನ ಅನುದಾನ ಪಡೆಯಲು ಅವರಿಗೆ ಜಾತಿ ದಾಖಲೆಯ ಅಗತ್ಯವಿರಲಿಲ್ಲ.

ಮೂರನೆಯದು ಹೆಸರಿನ ಗೊಂದಲ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಮರಾಠಿ ರೀತಿಯ ಇನ್ನೊಂದು, ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರೇ ಇಲ್ಲ. ಬಸಪ್ಪ ಒಂದರಲ್ಲಿ ಬಸವಪ್ಪ, ಇನ್ನೊಂದರಲ್ಲಿ ಬಸಾಪ್ಪಾ. ಅರ್ಜಿ ಹಾಕುವ ಮೊದಲೇ ಎಲ್ಲವನ್ನೂ ಒಂದೇ ರೀತಿ ಮಾಡಿಸಿಕೊಳ್ಳಿರಿ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಇಂದೇ ಆರಂಭಿಸುವುದು ಒಳ್ಳೆಯದು.

ಎಲ್ಲಿಗೆ ಹೋಗಬೇಕು? ಕೊಲ್ಹಾಪುರದ ಜಿಲ್ಲಾ ಉದ್ಯೋಗ ಕೇಂದ್ರಕ್ಕೆ. ಇಂಥ ಕೇಂದ್ರಗಳು ದೇಶದಲ್ಲಿ 1978ರಿಂದ ಇವೆ. ಯೋಜನೆಗಳಿಗೆ ಅವಧಿ ಇರುತ್ತದೆ, ಅಂಕಿಗಳೂ ಬದಲಾಗುತ್ತವೆ. ಪಿ.ಎಂ.ಇ.ಜಿ.ಪಿ.ಗೆ 2022ರಲ್ಲಿ ಮಂಜೂರಾದ ಅವಧಿ 2025-26ರವರೆಗಿನದು. ಆದ್ದರಿಂದ ನಾನು ಹೇಳಿದ ಅಂಕಿಗಳನ್ನು ಲೆಕ್ಕದ ರೀತಿ ತಿಳಿಯಲು ಬಳಸಿಕೊಂಡು, ಅರ್ಜಿ ಹಾಕುವ ದಿನದ ನಿಯಮವನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳಿರಿ.

ಕೆಲಸ ಕಲಿಯದೆ ಸಾಲ ಮಾಡಬೇಡಿರಿ. 1982ರಲ್ಲಿ ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೂಡಿ ಉಜಿರೆಯಲ್ಲಿ ‘ರುಡ್‌ಸೆಟ್’ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಕಟ್ಟಿದರು. ಒಂದು ದೇವಸ್ಥಾನದ ಆಶ್ರಯದಲ್ಲಿ ಹುಟ್ಟಿದ ಆ ಮಾದರಿಯನ್ನು ಕೇಂದ್ರ ಸರಕಾರ ಮುಂದೆ ದೇಶದ ಜಿಲ್ಲೆಜಿಲ್ಲೆಗೂ ಒಯ್ದಿತು. ಕೊಲ್ಹಾಪುರದಲ್ಲಿಯೂ ಬ್ಯಾಂಕ್ ಆಫ್ ಇಂಡಿಯಾ ನಡೆಸುವ ಅಂಥ ಸಂಸ್ಥೆಯಿದೆ. ತರಬೇತಿಗೆ ಶುಲ್ಕವಿಲ್ಲ. ಗಡಹಿಂಗ್ಲಜದ ಹುಡುಗ ಹುಡುಗಿಯರು ಇದರ ಪ್ರಯೋಜನ ಪಡೆಯಬೇಕು.

ಕಾಗದಪತ್ರಗಳನ್ನು ಒಂದು ಫೈಲಿನಲ್ಲಿ ಕ್ರಮವಾಗಿ ಇಟ್ಟುಕೊಳ್ಳಿರಿ: ಆಧಾರ್, ಪ್ಯಾನ್, ಫೋಟೋ, ಶಾಲೆಯ ದಾಖಲೆ, ರಹಿವಾಸಿ ದಾಖಲೆ, ಬೇಕಿದ್ದರೆ ಜಾತಿ ದಾಖಲೆ, ಜಾಗದ ಉತಾರೆ ಅಥವಾ ಬಾಡಿಗೆ ಕರಾರು, ಗ್ರಾಮಪಂಚಾಯತಿಯ ಪತ್ರ, ಯಂತ್ರದ ಕೊಟೇಶನ್ ಮತ್ತು ಯೋಜನಾ ವರದಿ. ವರದಿಯನ್ನು ಯಾರಿಂದ ಬರೆಸಿದರೂ ಅದರಲ್ಲಿರುವ ಪ್ರತಿಯೊಂದು ಅಂಕಿ ನಿಮ್ಮ ಬಾಯಲ್ಲಿ ಇರಬೇಕು. ಮಂಜೂರಾಗುವ ಮೊದಲೇ ಯಂತ್ರ ಕೊಳ್ಳಬೇಡಿರಿ, ಮುಂಗಡ ಕೊಡಬೇಡಿರಿ.

ಬ್ಯಾಂಕಿನವರು ನಿಮ್ಮ ಹಳೆಯ ಸಾಲದ ಇತಿಹಾಸವನ್ನು ನೋಡುತ್ತಾರೆ. ಮೊಬೈಲಿನ ಕಂತು ತಪ್ಪಿಸಿದ್ದರೂ, ಬಚತ ಗಟದ ಸಾಲ ಬಾಕಿಯಿದ್ದರೂ, ನೆಂಟರ ಸಾಲಕ್ಕೆ ನಿಂತ ಜಾಮೀನು ಕೆಟ್ಟಿದ್ದರೂ ಅದು ಅಡ್ಡ ಬರಬಹುದು. ಈ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯುವ ಹಕ್ಕು 2017ರಿಂದ ನಿಮಗಿದೆ. ಮೊದಲೇ ತೆಗೆಸಿ ನೋಡಿರಿ. ಅರ್ಜಿ ತಿರಸ್ಕೃತವಾದರೆ ಜಗಳ ಬೇಡ, ಸುಮ್ಮನಿರುವುದೂ ಬೇಡ. ಕಾರಣವನ್ನು ಬರಹದಲ್ಲಿ ಕೇಳಿರಿ. ಅದನ್ನು ಹಿಡಿದುಕೊಂಡು ಜಿಲ್ಲಾ ಅಗ್ರಣಿ ಬ್ಯಾಂಕಿನ ಅಧಿಕಾರಿಗಳನ್ನೂ ಉದ್ಯೋಗ ಕೇಂದ್ರವನ್ನೂ ಕಾಣಿರಿ.

ಕೊನೆಯದಾಗಿ ದಲಾಲರ ಮಾತು. ಈ ಕೇಂದ್ರ ಯೋಜನೆಗಳ ಅರ್ಜಿಗೆ ಸರಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. 2020ರ ಜುಲೈಯಿಂದ ಇರುವ ಉದ್ಯಮ ನೋಂದಣಿಯೂ ಉಚಿತ. ‘ಇಷ್ಟು ಪರ್ಸೆಂಟ್ ಕೊಟ್ಟರೆ ಸಬ್ಸಿಡಿ ಮಾಡಿಸುತ್ತೇನೆ’ ಎನ್ನುವವನು ತೆಗೆದುಕೊಳ್ಳುವುದು ನಿಮ್ಮ ಬಂಡವಾಳವನ್ನೇ. ನಿಮ್ಮ ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು, ಸಹಿ ಮಾಡಿದ ಖಾಲಿ ಚೆಕ್ಕನ್ನು ಯಾರಿಗೂ ಕೊಡಬೇಡಿರಿ.

ದಲಾಲರಿಗೆ ನಮ್ಮ ಜನ ಸಿಕ್ಕಿಬೀಳುವುದು ದುರಾಸೆಯಿಂದಲೇ ಅಲ್ಲ. ಅರ್ಜಿ ಇರುವುದು ಮರಾಠಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ, ತಾಯಂದಿರಿಗೆ ಅದನ್ನು ತುಂಬಲು ಬರುವುದಿಲ್ಲ. ನಮ್ಮ ಮಕ್ಕಳಿಗಾದರೋ ಮೂರು ಭಾಷೆಗಳೂ ಬರುತ್ತವೆ. ಆದ್ದರಿಂದ ಉತ್ಸವ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಜಾತ್ರೆ ಮುಗಿದ ಮೇಲೆ ತಿಂಗಳಿಗೊಂದು ಭಾನುವಾರ ಈ ಸಭಾಮಂಟಪದಲ್ಲಿ ಓದಿದ ನಾಲ್ಕು ಹುಡುಗರು ಒಂದು ಮೇಜು ಹಾಕಿಕೊಂಡು ಕುಳಿತು, ಬಂದವರ ಅರ್ಜಿಯನ್ನು ಓದಿ ಹೇಳಲಿ, ತುಂಬಿ ಕೊಡಲಿ. ಒಂದು ಪೈಸೆಯ ಖರ್ಚಿಲ್ಲ. ಅನ್ನದಾಸೋಹದಂತೆ ಅಕ್ಷರದ ದಾಸೋಹವೂ ದೇವರಿಗೆ ಪ್ರಿಯವೇ ಆದೀತು. ವರ್ಷಕ್ಕೆ ಹತ್ತು ಮನೆಗಳು ಕೈಸಾಲದ ಬಡ್ಡಿಯಿಂದ ಪಾರಾದರೂ ಈ ಸೇವೆ ಸಾರ್ಥಕ.